ಕಲಬುರಗಿಯ ಎರೆ ಮಣ್ಣು, ಮನೆ ಹಿಂದಿನ ಜಾಗ: ಏನು ಹಚ್ಚಬಹುದು?

ಕೇಳಿದ್ದು (ಕಲಬುರಗಿ, ಸೇಡಂ ರಸ್ತೆ):

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಮನೆ ಕಟ್ಟಿಸಿದ್ದೇವೆ. ಹಿಂದೆ 20 ಅಡಿ ಅಗಲ, 30 ಅಡಿ ಉದ್ದದ ಜಾಗ ಉಳಿದಿದೆ. ಅಪ್ಪಟ ಎರೆ ಮಣ್ಣು. ಬೋರ್ ನೀರಿದೆ, ಆದರೆ ಗಡಸು. ಬಕೆಟ್ ಅಂಚಿಗೆ ಬಿಳಿ ಕಟ್ಟುತ್ತದೆ. ಮನೆಗೆ ಬೇಕಾಗುವಷ್ಟು ಕಾಯಿಪಲ್ಯ, ಜೊತೆಗೆ ಮೂರ್ನಾಲ್ಕು ಹಣ್ಣಿನ ಗಿಡ ಹಚ್ಚುವ ಆಸೆ. ನಮ್ಮ ಮನೆಯವರಿಗೆ ಮಾವು ಬೇಕು, ನನಗೆ ಪೇರಲ, ಅತ್ತೆಗೆ ಲಿಂಬೆ ಮತ್ತೆ ನುಗ್ಗೆ. ವಿಡಿಯೊ ನೋಡಿದರೆ ಎಲ್ಲರೂ ಬೆಂಗಳೂರಿನ ಕೆಂಪು ಮಣ್ಣು, ತಂಪು ಹವೆ ಇಟ್ಟುಕೊಂಡೇ ಮಾತಾಡುತ್ತಾರೆ. ನಮ್ಮ ಕಡೆ ಬೆಳೆದವರು ಹೇಳಿ. ಗುಂಡಿ ಎಷ್ಟು ಆಳ ತೋಡಬೇಕು? ಯಾವಾಗ ಶುರು ಮಾಡಲಿ?

ಕಲಬುರಗಿ, ಆಳಂದ ರಸ್ತೆಯಿಂದ:

ಅಕ್ಕಾರೆ, ಆಳಕ್ಕೆ ಹೋಗಬೇಡಿ, ಎತ್ತರಕ್ಕೆ ಹೋಗಿ.

ಮೂರು ಅಡಿ ಗುಂಡಿ ತೋಡಿ, ಕೆಂಪು ಮಣ್ಣು, ಮರಳು, ಗೊಬ್ಬರ ತುಂಬಿ ಅಂತ ಎಲ್ಲ ಕಡೆ ಹೇಳುತ್ತಾರೆ. ನೀರು ಬಸಿಯುವ ಮಣ್ಣಿಗೆ ಅದು ಸರಿ. ಎರೆಯಲ್ಲಿ ಹಾಗೆ ಮಾಡಿದರೆ ಗುಂಡಿಯೊಳಗಿನ ಸಡಿಲ ಮಣ್ಣಿಗೆ ನೀರು ಸರಸರ ಇಳಿಯುತ್ತದೆ, ಸುತ್ತಲಿನ ಜಿಗುಟು ಮಣ್ಣು ಅದನ್ನು ಹೊರಗೆ ಬಿಡುವುದಿಲ್ಲ. ಗುಂಡಿ ನೀರಿನ ತೊಟ್ಟಿಯಾಗಿಬಿಡುತ್ತದೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಜಡಿ ಮಳೆ ಹಿಡಿದರೆ ಬೇರು ಕೊಳೆಯುತ್ತದೆ. ಎಲೆ ಹಳದಿಯಾಗಿ ಜೋತು ಬೀಳುತ್ತದೆ. ನೋಡಿದವರು ನೀರು ಸಾಲದು ಅಂದುಕೊಂಡು ಇನ್ನೊಂದು ಬಕೆಟ್ ಸುರಿಯುತ್ತಾರೆ, ಅಲ್ಲಿಗೆ ಗಿಡದ ಕಥೆ ಮುಗಿಯಿತು.

ಒಂದು ಅಡಿಯಷ್ಟು ಮಣ್ಣು ಅಗೆದು ಸಡಿಲ ಮಾಡಿ ಸಾಕು. ಅದರ ಮೇಲೆ ನಾಲ್ಕು ಅಡಿ ಅಗಲ, ಒಂದೂವರೆ ಅಡಿ ಎತ್ತರದ ದಿಬ್ಬ ಕಟ್ಟಿ. ಹೊರಗಿನ ಮಣ್ಣು ತರಿಸುವುದು ಬೇಡ. ಅದೇ ಎರೆ ಮಣ್ಣಿಗೆ ಹಳೇ ತಿಪ್ಪೆ ಗೊಬ್ಬರ ಧಾರಾಳವಾಗಿ ಬೆರೆಸಿ. ಗೊಬ್ಬರ ಕೈಯಲ್ಲಿ ಹಿಡಿದರೆ ಬಿಸಿ ಇರಬಾರದು, ವಾಸನೆ ಬರಬಾರದು. ಗಿಡದ ಕಸಿ ಗಂಟು ಮಣ್ಣಿನಿಂದ ಮೇಲೆಯೇ ಇರಲಿ. ದಿಬ್ಬ ಜಾರದಂತೆ ಸುತ್ತ ಫರ್ಸಿ ತುಂಡು ನಿಲ್ಲಿಸಿ. ಶಹಾಬಾದ್ ಕಲ್ಲಿನ ಚೂರಿಗೆ ನಮ್ಮೂರಲ್ಲಿ ಬರ ಇಲ್ಲ. ಆದರೆ ಪುಡಿಯನ್ನು ಮಣ್ಣಿಗೆ ಬೆರೆಸಬೇಡಿ, ಅದು ಸುಣ್ಣದ ಕಲ್ಲು. ನಮ್ಮ ಮಣ್ಣಿನಲ್ಲಿ ಸುಣ್ಣ ಮೊದಲೇ ಜಾಸ್ತಿ.

ಹೊಸ ಮನೆ ಅಂದಿರಿ. ಹಾಗಾದರೆ ಹಿತ್ತಲಲ್ಲಿ ಸಿಮೆಂಟ್ ಗಟ್ಟಿ, ಇಟ್ಟಿಗೆ ಚೂರು, ಸುಣ್ಣ ಹೂತಿರುತ್ತವೆ. ಗಿಡ ಹಚ್ಚುವ ಕಡೆಯಾದರೂ ಅದನ್ನೆಲ್ಲ ಆರಿಸಿ ತೆಗೆಯಿರಿ.

ಮಣ್ಣು ಅಗೆಯುವುದಕ್ಕೂ ಹದ ಬೇಕು. ಹಸಿ ಇದ್ದಾಗ ಅಗೆದರೆ ಸಲಿಕೆಗೆ ಮೆತ್ತಿಕೊಳ್ಳುತ್ತದೆ, ಆಮೇಲೆ ಹೆಂಟೆ ಒಣಗಿ ಕಲ್ಲಾಗುತ್ತದೆ. ಪೂರ್ತಿ ಒಣಗಿದ್ದರೆ ಗುದ್ದಲಿ ಮೇಲಕ್ಕೆ ಚಿಮ್ಮುತ್ತದೆ. ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ, ಹೆಬ್ಬೆರಳಿಂದ ಒತ್ತಿ ನೋಡಿ. ಉದುರಿ ಪುಡಿಯಾದರೆ ಅದೇ ಹದ. ಬೆರಳಿನ ಗುರುತು ಮೂಡಿ ಉಂಡೆ ಹಾಗೇ ಉಳಿದರೆ ಇನ್ನೂ ಎರಡು ದಿನ ತಡೆಯಿರಿ.

ಬೀದರ್‌ನಿಂದ:

ಅಣ್ಣಾರೆ ಹೇಳಿದ ದಿಬ್ಬದ ಮಾತು ನಿಮ್ಮ ಊರಿಗೆ ಸರಿ. ಬೀದರ್ ನಗರದ ಸುತ್ತ ಜಂಬಿಟ್ಟಿಗೆ ಮಣ್ಣು. ಇಲ್ಲಿ ನೀರು ನಿಲ್ಲುವುದೇ ಇಲ್ಲ, ದಿಬ್ಬ ಕಟ್ಟಿದರೆ ಗಿಡ ಒಣಗುತ್ತದೆ. ನಾವು ಗುಂಡಿಯನ್ನೇ ತೋಡುತ್ತೇವೆ, ಬುಡದಲ್ಲಿ ನೀರು ನಿಲ್ಲುವಂತೆ ಪಾತಿ ಮಾಡುತ್ತೇವೆ. ಇದನ್ನು ಓದುವ ಬೀದರ್ ಕಡೆಯವರು ಗಮನಿಸಿ.

ನಾನು ಬರೆದದ್ದು ಪೇರಲಕ್ಕಾಗಿ. ಒಂದೇ ಹಣ್ಣಿನ ಗಿಡ ಹಚ್ಚುವುದಾದರೆ ಅದನ್ನೇ ಹಚ್ಚಿ. ಲಖನೌ 49 ಅಥವಾ ಅಲಹಾಬಾದ್ ಸಫೇದಾ ಕಸಿ ಗಿಡ ಕೇಳಿ. ಪೇರಲ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಹೂ ಬಿಡುತ್ತದೆ. ಬೇಸಿಗೆ ಮೊದಲು ಬಿಟ್ಟ ಹೂವಿನ ಹಣ್ಣು ಮಳೆಗಾಲದಲ್ಲಿ ಬರುತ್ತದೆ. ಸಪ್ಪೆ, ಮೇಲಾಗಿ ಒಳಗೆ ಹುಳ. ಮಿರುಗ ಮಳೆ (ಜೂನಿನ ಮೃಗಶಿರಾ ಮಳೆ) ಹೊತ್ತಿಗೆ ಬಿಟ್ಟ ಹೂವಿನ ಹಣ್ಣು ನವೆಂಬರಿನಿಂದ ಜನವರಿವರೆಗೆ ಬರುತ್ತದೆ, ರುಚಿ ಅಂದರೆ ಅದು. ಹಾಗಾಗಿ ಏಪ್ರಿಲ್, ಮೇನಲ್ಲಿ ದೊಡ್ಡ ಗಿಡಕ್ಕೆ ನೀರು ಕಡಿಮೆ ಮಾಡಿ, ತುದಿ ಕತ್ತರಿಸಿ, ಆಗ ಇದ್ದ ಹೂವನ್ನೆಲ್ಲ ಉದುರಿಸಿಬಿಡಿ. ನಿಮ್ಮೂರಲ್ಲಿ ನೀರಿಗೆ ಪರದಾಡುವ ತಿಂಗಳಲ್ಲೇ ಈ ಗಿಡ ನೀರು ಬೇಡ ಅನ್ನುತ್ತದೆ. ಇನ್ನೇನು ಬೇಕು? ಸಣ್ಣ ಗಿಡಕ್ಕೆ ಮಾತ್ರ ಈ ಉಪವಾಸ ಮಾಡಿಸಬೇಡಿ.

ಕಾಯಿ ಲಿಂಬೆ ಗಾತ್ರ ಆದ ಮೇಲೆ ಒಂದೊಂದಕ್ಕೂ ಹಳೇ ಬಟ್ಟೆಯ ಚೀಲ ಕಟ್ಟಿ. ಹಣ್ಣು ನೊಣಕ್ಕೂ ಗಿಣಿಗೂ ಅದೇ ಮದ್ದು. ಮಂಗ ಬಂದರೆ ನನ್ನ ಹತ್ತಿರ ಉಪಾಯ ಇಲ್ಲ.

ಕಲಬುರಗಿ, ಜೇವರ್ಗಿ ರಸ್ತೆಯಿಂದ:

ಎಲ್ಲರೂ ಹಣ್ಣಿಗೇ ನಿಂತರಲ್ಲ! ಮೊದಲ ವರ್ಷ ಮನೆಗೆ ಬರುವುದು ತಪ್ಪಲು ಪಲ್ಯ, ತಂಗಿ. ಅದನ್ನು ಕೇಳು.

ನಮ್ಮ ಕಡೆ ತಿಂಗಳು ನೋಡಿ ಬಿತ್ತಿದರೆ ಅರ್ಧ ಕೆಲಸ ಆದಂತೆ. ಮಿರುಗ ಕೂಡಿ ಒಂದೆರಡು ಒಳ್ಳೇ ಮಳೆ ಬಿದ್ದ ಮೇಲೆ ಬೆಂಡೆ, ಚವಳಿ (ಗೋರಿಕಾಯಿ), ಹೀರೆ, ಪುಂಡಿ ಹಾಕು. ಗಣಪತಿ ಹಬ್ಬದ ಸುಮಾರಿಗೆ ಟ್ರೇಯಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ ಸಸಿ ಮಾಡಿಕೊ. ದಸರಾ ಹೊತ್ತಿಗೆ ಮಡಿಗೆ ಹಚ್ಚು. ಆಗಲೇ ಮೆಂತ್ಯೆ, ಸಬ್ಬಸಗಿ, ಪಾಲಕ್, ಮೂಲಂಗಿ ಬಿತ್ತು. ಕೊತ್ತಂಬರಿ ಬೀಜವನ್ನು ಚಪ್ಪಲಿಯಿಂದ ಉಜ್ಜಿ ಎರಡು ಹೋಳು ಮಾಡಿ ಹಾಕು, ಇಡೀ ಕಾಳು ಹಾಕಿದರೆ ತಡ ಮಾಡುತ್ತದೆ. ಎಳ್ಳಮಾವಾಸ್ಯೆಗೆ ಬಜ್ಜಿ ಮಾಡುವಾಗ ಸೊಪ್ಪಿನಲ್ಲಿ ಅರ್ಧವಾದರೂ ಹಿತ್ತಲದ್ದೇ ಇರುತ್ತದೆ.

ಗಜ್ಜರಿ (ಕ್ಯಾರೆಟ್) ಮಾತ್ರ ಎರೆಯಲ್ಲಿ ಹಾಕಬೇಡ. ನೆಟ್ಟಗೆ ಇಳಿಯಲಾರದೆ ಕವಲೊಡೆಯುತ್ತದೆ. ಬೇಕೇ ಬೇಕು ಅಂದರೆ ಮರಳು, ಗೊಬ್ಬರ ತುಂಬಿದ ಡ್ರಮ್ಮಿನಲ್ಲಿ ಹಾಕು.

ಟೊಮೆಟೊದಲ್ಲಿ ಅರ್ಕಾ ರಕ್ಷಕ್ ಸಿಕ್ಕರೆ ತಗೊ. ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರದ್ದು. ಎಲೆ ಮುದುಡು ರೋಗ, ಸೊರಗು ರೋಗ ತಡೆಯುತ್ತದೆ. ಹೈಬ್ರಿಡ್ ಅದು, ಅದರ ಬೀಜ ಎತ್ತಿಟ್ಟು ಮುಂದಿನ ವರ್ಷ ಹಾಕಿದರೆ ಅದೇ ಗುಣ ಬರುವುದಿಲ್ಲ.

ಹೋಳಿ ಆದ ಮೇಲೆ ಬರುವ ನಮ್ಮೂರ ಶರಣಬಸಪ್ಪನ ಜಾತ್ರೆ ಮುಗಿಯಿತು ಅಂದರೆ ಟೊಮೆಟೊ ಆಸೆ ಬಿಡು. ಬಿಸಿಲು 35 ಡಿಗ್ರಿ ದಾಟಿದರೆ ಹೂ ಬಿಡುತ್ತದೆ, ಕಾಯಿ ಕಚ್ಚುವುದಿಲ್ಲ. ಜನ ಗೊಬ್ಬರ ಕಡಿಮೆ ಆಯಿತು ಅಂತ ಸುಮ್ನೆ ಯೂರಿಯಾ ಸುರಿಯುತ್ತಾರೆ. ಏಪ್ರಿಲ್, ಮೇನಲ್ಲಿ 42, 43 ಡಿಗ್ರಿ ಇರುವಾಗ ಪುಂಡಿ, ರಾಜಗಿರಿ, ಚವಳಿ ಇಷ್ಟೇ ನಿಲ್ಲುತ್ತವೆ. ಅವಕ್ಕೂ 50 ಪರ್ಸೆಂಟಿನ ಹಸಿರು ನೆಟ್ ಮೇಲೆ ಕಟ್ಟು. ಪಶ್ಚಿಮದ ಕಡೆ ನೆಟ್ಟನ್ನು ನೆಲದವರೆಗೆ ಇಳಿಬಿಡು. ಸುಡುವುದು ಮಧ್ಯಾಹ್ನದ ಮೇಲಿನ ಬಿಸಿಲು.

ಬೇಸಿಗೆಯಲ್ಲಿ ಎರೆ ಬಿರಿಯುತ್ತದೆ, ಎಳೇ ಬೇರು ಹರಿಯುತ್ತದೆ. ಮೇಲೆ ಹಾಕಿದ ನೀರು ಬಿರುಕಿನಲ್ಲಿ ಇಳಿದು ಎಲ್ಲೋ ಹೋಗುತ್ತದೆ. ಅದಕ್ಕೆ ಮಣ್ಣು ಬಿರಿಯುವ ಮೊದಲೇ ಮುಚ್ಚಬೇಕು. ತೊಗರಿ ಹೊಟ್ಟು ನಾಲ್ಕು ಬೆರಳು ದಪ್ಪ ಹರವು, ಕಾಂಡಕ್ಕೆ ತಾಗಿಸಬೇಡ, ಗೆದ್ದಲು ಹತ್ತುತ್ತದೆ. ಗೇಟು ಮಾತ್ರ ಹಾಕಿಟ್ಟುಕೊ. ಹೊಟ್ಟು ಅಂದರೆ ದನಕ್ಕೆ ಪ್ರಾಣ, ನಿನ್ನ ಬದನೆ ಗಿಡ ತುಳಿದುಕೊಂಡೇ ಬರುತ್ತವೆ. ಹೀರೆ, ಹಾಗಲದ ಬಳ್ಳಿಗೆ ತೊಗರಿ ಕಟ್ಟಿಗೆಯ ಚಪ್ಪರ ಸಾಕು, ದುಡ್ಡು ಕೊಟ್ಟು ಪೈಪು ತರಬೇಡ.

ಹುಳಕ್ಕೆ ಬೇವಿನ ಬೀಜದ ಕಷಾಯ ಹೊಡಿ. ಲೀಟರಿಗೆ 50 ಗ್ರಾಂ ಬೀಜದ ತಿರುಳು ಕುಟ್ಟಿ, ರಾತ್ರಿ ನೆನೆಸಿ, ಸೋಸಿ, ಚೂರು ಸಾಬೂನು ಸೇರಿಸಿ ಸಂಜೆ ಹೊಡೆಯಬೇಕು.

ಶಹಾಪುರದಿಂದ (ಯಾದಗಿರಿ ಜಿಲ್ಲೆ):

ನೀರಿನ ಬಗ್ಗೆ ಯಾರೂ ಹೇಳಲಿಲ್ಲ. ಬಕೆಟ್ಟಿಗೆ ಬಿಳಿ ಕಟ್ಟುವ ನೀರು ಮಣ್ಣಿಗೂ ಬಿಳಿ ಕಟ್ಟುತ್ತದೆ. ಕಾಲುವೆ ನೀರು ಹೆಚ್ಚಾಗಿ ಉಪ್ಪು ಮೇಲೆದ್ದ ಹೊಲಗಳನ್ನು ನಮ್ಮ ಕಡೆ ನೋಡಿದವರಿಗೆ ಇದರ ಹೆದರಿಕೆ ಗೊತ್ತು. ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸಿದರೆ ನೀರು ಆರಿ ಉಪ್ಪು ಮೇಲೆ ಉಳಿಯುತ್ತದೆ. ಬಿಟ್ಟು ಬಿಟ್ಟು, ಆದರೆ ಬೇರಿನಡಿಗೆ ಇಳಿಯುವಷ್ಟು ಕೊಡಿ. ಮಳೆಗಾಲದಲ್ಲಿ ಮಾಳಿಗೆ ನೀರನ್ನು ಡ್ರಮ್ಮಿಗೆ ಹಿಡಿಯಿರಿ. ಎ.ಸಿ.ಯಿಂದ ಸೋರುವ ನೀರು ಗಿಡಕ್ಕೆ ಒಳ್ಳೆಯದು. ಕುಡಿಯುವ ನೀರಿನ ಫಿಲ್ಟರಿನಿಂದ ಹೊರಬೀಳುವ ನೀರು ಮಾತ್ರ ಗಿಡಕ್ಕೆ ಹಾಕಲೇಬೇಡಿ. ಬೋರಿನ ಉಪ್ಪೆಲ್ಲ ಅದರಲ್ಲೇ ಇರುತ್ತದೆ. ಅದು ನೆಲ ಒರೆಸುವುದಕ್ಕೆ.

ಉಪ್ಪಿಗೆ ಮೊದಲು ಸೋಲುವುದು ಲಿಂಬೆ. ಚಿಕ್ಕು, ಬಾರಿಹಣ್ಣು (ಎಲಚಿ) ತಡೆಯುತ್ತವೆ. ಅತ್ತೆಯವರಿಗೆ ಲಿಂಬೆಯೇ ಬೇಕಾದರೆ ಹಚ್ಚಿ, ಆದರೆ ಚಿಗುರು ನೋಡುತ್ತಿರಿ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲ ಅಂತಲ್ಲ, ಸುಣ್ಣ ಅದನ್ನು ಹಿಡಿದಿಟ್ಟಿರುತ್ತದೆ. ಹಾಗಾಗಿ ಬುಡಕ್ಕೆ ಹಾಕಿದರೆ ದಂಡ. ಫೆರಸ್ ಸಲ್ಫೇಟ್ ಲೀಟರಿಗೆ 5 ಗ್ರಾಂ, ನಾಲ್ಕು ಹನಿ ಲಿಂಬೆ ರಸ ಹಾಕಿ ಎಲೆಗೆ ಹೊಡೆಯಿರಿ, ಹತ್ತು ಹದಿನೈದು ದಿನ ಬಿಟ್ಟು ಮತ್ತೊಮ್ಮೆ. ಜಿಪ್ಸಂ ಹಾಕಿ ಅಂತ ಯಾರಾದರೂ ಹೇಳಿದರೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಆಳಂದ ರಸ್ತೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಪೇರಲ, ಚಿಕ್ಕು ಖಾಯಂ ಆಯಿತು. ಲಿಂಬೆಯನ್ನು ದೊಡ್ಡ ಕುಂಡದಲ್ಲಿ ಮಳೆ ನೀರು ಹಾಕಿ ನೋಡುತ್ತೇವೆ. ಮಾವು, ನುಗ್ಗೆ ಕಂಪೌಂಡ್ ಗೋಡೆ ಪಕ್ಕ ಹಚ್ಚಬಹುದಾ? ಅಲ್ಲೇ ಜಾಗ ಖಾಲಿ ಇದೆ.

ಕಲಬುರಗಿ, ಆಳಂದ ರಸ್ತೆಯಿಂದ:

ಗೋಡೆ ಪಕ್ಕ ಎರಡೂ ಬೇಡ ಅಕ್ಕಾರೆ. ಎರೆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮರದ ಬೇರು ಪಾಯದ ಕೆಳಗಿನ ಹಸಿ ಎಳೆದುಕೊಂಡರೆ ಆ ಜಾಗ ಇನ್ನಷ್ಟು ಕುಗ್ಗಿ ಗೋಡೆ ಬಿರುಕು ಬಿಡುತ್ತದೆ. ಮಾವಿಗೆ ಮನೆಯಿಂದಲೂ ಗೋಡೆಯಿಂದಲೂ ಹದಿನೈದು ಅಡಿಯಾದರೂ ಬಿಡಬೇಕು ಅಂತ ನನ್ನ ಲೆಕ್ಕ. ನಿಮ್ಮ 20 ಅಡಿ ಅಗಲದಲ್ಲಿ ಅದು ಕೂಡುವುದಿಲ್ಲ. ನಿಮ್ಮ ಮನೆಯವರು ಕೇಳಲೇ ಇಲ್ಲ ಅಂದರೆ ನಡುಮಧ್ಯ ಆಮ್ರಪಾಲಿ ಹಚ್ಚಿ. ದಶೆಹರಿ, ನೀಲಂ ಸೇರಿಸಿ ಮಾಡಿದ ಗಿಡ್ಡ ಜಾತಿ ಅದು, ಪ್ರತಿ ವರ್ಷ ಹಣ್ಣು ತೆಗೆದ ಮೇಲೆ ಕತ್ತರಿಸಿ ಎತ್ತರ ಹಿಡಿತದಲ್ಲಿಡಬಹುದು. ಆಗ ಅದರ ನೆರಳಿಗೆ ಬಿದ್ದ ಮಡಿಯಲ್ಲಿ ಟೊಮೆಟೊ ಬರುವುದಿಲ್ಲ, ಅದನ್ನೂ ಅವರಿಗೆ ಈಗಲೇ ಹೇಳಿಡಿ.

ನುಗ್ಗೆಯನ್ನು ಗೋಡೆಯಿಂದ ಎಂಟ್ಹತ್ತು ಅಡಿ ಈಚೆ, ದಿಬ್ಬದ ಮೇಲೆ ಹಚ್ಚಿ. ಮೂರು ಅಡಿ ಆದಾಗ ತುದಿ ಚಿವುಟಿ, ಕಾಯಿ ಮುಗಿದ ಮೇಲೆ ಸೊಂಟದ ಎತ್ತರಕ್ಕೆ ಕಡಿಯಿರಿ. ಬಿಟ್ಟರೆ ಕೈಗೆ ಸಿಗದಷ್ಟು ಮೇಲೆ ಹೋಗುತ್ತದೆ, ಗಾಳಿಗೆ ಕೊಂಬೆ ಲಟಕ್ಕನೆ ಮುರಿಯುತ್ತದೆ. ಮಳೆಗಾಲದಲ್ಲಿ ಕಾಂಡ ನೋಡುತ್ತಿರಿ. ಕಂಬಳಿ ಹುಳ ಹಗಲಲ್ಲಿ ಗುಂಪಾಗಿ ಕೂತಿರುತ್ತವೆ, ಉದ್ದ ಕೋಲಿಗೆ ಬಟ್ಟೆ ಸುತ್ತಿ ಸಾಬೂನು ನೀರಲ್ಲಿ ಅದ್ದಿ ಒರೆಸಿಬಿಡಿ. ಕೈ ಮುಟ್ಟಿಸಬೇಡಿ.