ತುರ್ತು: ಲಿಕ್ಟೆನ್‌ಸ್ಟೈನ್‌ನ ‘ಕೊಯಲಿಷನ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಅಂಚೆಚೀಟಿ ಪ್ರದರ್ಶನಕ್ಕೆ ಯುರೋಪಿನ ಪುಟ್ಟ ದೇಶ ಲಿಕ್ಟೆನ್‌ಸ್ಟೈನ್ ಬಗ್ಗೆ ಫಲಕ ಬರೆಯುತ್ತಿದ್ದೇನೆ. ಸಂಜೆಯೊಳಗೆ ಪ್ರಿಂಟಿಗೆ ಹೋಗಬೇಕು. ಮಾರ್ಕುಸ್ ಬ್ಯುಖೆಲ್ ಅವರ 1993ರ ಸರ್ಕಾರದ ಬಗ್ಗೆ ಒಂದು ಸಾಲು ಇದೆ. ಮೇ ತಿಂಗಳಲ್ಲಿ ಬಂತು, ಡಿಸೆಂಬರ್‌ಗೆ ಮುಗಿಯಿತು. ನಾನು ಬರೆದದ್ದು: ‘ರಾಜಕುಮಾರ ಹಾನ್ಸ್-ಆಡಮ್ ಅವರ ಸಂಸ್ಥಾನದಲ್ಲಿ ಮೈತ್ರಿ ಮುರಿದು ಸಮ್ಮಿಶ್ರ ಸರ್ಕಾರ ಪತನ.’ ಪದಗಳು ಸರಿ ಇವೆಯಾ?

ಮರು:
ಸಮ್ಮಿಶ್ರ ಅಂದರೆ ಕಾಂಪೌಂಡರ್ ಕಲಸಿಕೊಟ್ಟ ಮಿಕ್ಸ್ಚರ್. ಆಡು–ಆಟ, ಓಡು–ಓಟ, ಕೂಡು–ಕೂಟ. ನಮ್ಮದೇ ಪದ ಮನೆಯಲ್ಲೇ ಇದೆ. ‘ಕೂಟ ಸರ್ಕಾರ’ ಅನ್ನಿ, ಮುಗೀತು.

ಮರು:
ಕೂಟಸಾಕ್ಷಿ, ಕೂಟನೀತಿ ಕೇಳಿದ್ದೀರಾ ಮೇಷ್ಟ್ರೇ? ಸಂಸ್ಕೃತದ ‘ಕೂಟ’ಕ್ಕೆ ಮೋಸ ಅನ್ನುವ ಅರ್ಥವೂ ಇದೆ. ಓದುವವರು ಕಳ್ಳ ಸರ್ಕಾರ ಅಂದುಕೊಂಡಾರು. ‘ಮೈತ್ರಿಕೂಟ’ ಪತ್ರಿಕೆಗಳಲ್ಲಿ ಎಂದೋ ನೆಲೆಯೂರಿದೆ.

ಮರು:
ಮೈತ್ರಿಕೂಟ ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಅಂಟಿಸಿದ್ದು. ಪತ್ರಿಕೆಗಳು ಏನು ಬೇಕಾದರೂ ಬರೆಯುತ್ತವೆ.

ಮರು:
ಮೇಡಂ, ಇವರ ಜಗಳ ಇರಲಿ. ನಿಮ್ಮ ಸಾಲಿನಲ್ಲಿ ‘ಸಮ್ಮಿಶ್ರ’ಕ್ಕಿಂತ ‘ಮೈತ್ರಿ ಮುರಿದು’ ದೊಡ್ಡ ತಪ್ಪು. ಅಲ್ಲಿ ಮೈತ್ರಿ ಮುರಿಯಲೇ ಇಲ್ಲ. ಬ್ಯುಖೆಲ್ ಅವರನ್ನು ಇಳಿಸಿದ್ದು ಅವರದೇ ಪ್ರಗತಿಪರ ನಾಗರಿಕ ಪಕ್ಷ. ಸೆಪ್ಟೆಂಬರ್‌ನಲ್ಲಿ ಅವಿಶ್ವಾಸ, ಆಮೇಲೆ ಸಂಸತ್ತು ವಿಸರ್ಜನೆ, ಅಕ್ಟೋಬರ್‌ನಲ್ಲಿ ಆ ವರ್ಷದ ಎರಡನೇ ಚುನಾವಣೆ. ಸರ್ಕಾರದಲ್ಲಿ ಜೊತೆಯಲ್ಲಿದ್ದ ತಾಯ್ನಾಡು ಒಕ್ಕೂಟ ಪಕ್ಷಕ್ಕೆ 25ರಲ್ಲಿ 13 ಸ್ಥಾನ ಬಂತು. ಒಬ್ಬರೇ ಆಳಬಹುದಿತ್ತು. ಆದರೂ ಬ್ಯುಖೆಲ್ ಪಕ್ಷವನ್ನೇ ಜೊತೆಗಿಟ್ಟುಕೊಂಡು ಒಕ್ಕೂಟದ ಮಾರಿಯೋ ಫ್ರಿಕ್ ಸರ್ಕಾರ ಮಾಡಿದರು. 1938ರಿಂದ 1997ರವರೆಗೆ ಈ ಎರಡು ಪಕ್ಷಗಳದ್ದು ಇದೇ ರೂಢಿ. ಫೆಬ್ರುವರಿಯ ಮೊದಲ ಚುನಾವಣೆಯಲ್ಲಿ ಬ್ಯುಖೆಲ್ ಪಕ್ಷಕ್ಕೆ 12, ಒಕ್ಕೂಟಕ್ಕೆ 11 ಬಂದಿತ್ತು. ಸರ್ಕಾರದ ಹೊರಗೆ ಉಳಿದದ್ದು ಎರಡೇ ಸ್ಥಾನ!

ನಮ್ಮಲ್ಲಿ 2006ರಲ್ಲಿ, 2018ರಲ್ಲಿ ಸಮ್ಮಿಶ್ರ ಸರ್ಕಾರ ಬಂದದ್ದು ಯಾರಿಗೂ ಬಹುಮತ ಇಲ್ಲದ್ದಕ್ಕೆ. ಅದಕ್ಕೇ ‘ಪತನ’ ಅಂದ ಕೂಡಲೇ ಯಾರೋ ಬೆಂಬಲ ವಾಪಸ್ ತಗೊಂಡರು ಅಂತ ಓದುತ್ತೇವೆ. ಸಮ್ಮಿಶ್ರ ಇಟ್ಟುಕೊಳ್ಳಿ, ಎಲ್ಲರಿಗೂ ಗೊತ್ತಿರುವ ಪದ. ಬಿದ್ದದ್ದು ಹೇಗೆ ಅನ್ನುವುದನ್ನು ಮಾತ್ರ ಬಿಡಿಸಿ ಬರೆಯಿರಿ.

‘ರಾಜಕುಮಾರ’ ಬೇಡವೇ ಬೇಡ. ಎರಡನೇ ಹಾನ್ಸ್-ಆಡಮ್ 1989ರಿಂದ ಪಟ್ಟದಲ್ಲಿರುವ ಅರಸ. ರಾಜಕುಮಾರ ಅವರ ಮಗ.

ಮರು:
‘ಸಂಸ್ಥಾನ’ಕ್ಕೂ ನನ್ನ ತಕರಾರಿದೆ. ಮೈಸೂರು ಸಂಸ್ಥಾನ ಬ್ರಿಟಿಷರ ಕೈಕೆಳಗಿತ್ತು. ಲಿಕ್ಟೆನ್‌ಸ್ಟೈನ್ 160 ಚದರ ಕಿಲೋಮೀಟರ್ ಇದ್ದರೂ ಸ್ವತಂತ್ರ ದೇಶ, 1990ರಿಂದ ವಿಶ್ವಸಂಸ್ಥೆಯ ಸದಸ್ಯ. ‘ಪುಟ್ಟ ಅರಸೊತ್ತಿಗೆ’ ಸಾಕು.

ಮರು:
ಥ್ಯಾಂಕ್ಸ್. ಹೀಗೆ ಕಳಿಸುತ್ತಿದ್ದೇನೆ: ‘1993ರಲ್ಲಿ ಸಮ್ಮಿಶ್ರ ಸರ್ಕಾರದ ಮುಖ್ಯಸ್ಥ ಬ್ಯುಖೆಲ್ ತಮ್ಮ ಪಕ್ಷದ ವಿಶ್ವಾಸವನ್ನೇ ಕಳೆದುಕೊಂಡರು. ಅರಸ ಎರಡನೇ ಹಾನ್ಸ್-ಆಡಮ್ ಸಂಸತ್ತನ್ನು ವಿಸರ್ಜಿಸಿದರು.’

ಮರು:
ಒಂದು ಸಾಲಿಗೆ ಎಷ್ಟು ಸಂಸ್ಕೃತ! ವಿಶ್ವಾಸ, ವಿಸರ್ಜನೆ, ಮುಖ್ಯಸ್ಥ. ‘ನಂಬಿಕೆ’ ಅನ್ನಲು ನಾಲಿಗೆ ಹೊರಳುವುದಿಲ್ಲವೇ?

ಮರು:
ನೀವು ಹೇಳಿದ ‘ಕೂಟ ಸರ್ಕಾರ’ದಲ್ಲಿ ‘ಸರ್ಕಾರ’ ಫಾರಸಿ ಮೇಷ್ಟ್ರೇ. ಅದು ಅರಿಸಮಾಸ ಅಲ್ವಾ?

ಮರು:
‘ಆಳ್ವಿಕೆ’ ಅನ್ನಿ. ಕೂಟದಾಳ್ವಿಕೆ. ಈಗೇನು?

ಮರು:
ಫಲಕ ಪ್ರಿಂಟಿಗೆ ಹೋಯಿತು ಸರ್.