ಗಟರ್ ಹಾಕ್ಸಿದ್ರೂ ಗೋಡೆ ಬುಡ ಒದ್ದೆ ಆಗ್ತಿದೆ, ಯಾಕೆ?

ಶೀಟ್‌ಮನೆ:
ನಮಸ್ಕಾರ ಎಲ್ರಿಗೂ. ನಮ್ದು ಇಳಿಜಾರು ಶೀಟಿನ ಛಾವಣಿ, ಸೂರಿನಂಚಿಗೆ ಸುತ್ತ ಗಟರ್ (ಮಳೆನೀರು ಹಿಡಿಯೋ ದೋಣಿ) ಹಾಕ್ಸಿ ನಾಲ್ಕೂ ಮೂಲೇಲಿ ಪೈಪ್ ಇಳಿಸಿದೀವಿ, ಆದ್ರೂ ಜೋರು ಮಳೆ ಬಂದ್ರೆ ಒಳಗಡೆ ಗೋಡೆ ಬುಡದಲ್ಲಿ ತೇವ ಏರಿ ಪೇಂಟ್ ಉಬ್ಬಿ ಬಿಳಿ ಪುಡಿ ಉದುರತ್ತೆ, ಅದೂ ಮೂಲೆಗಳಲ್ಲೇ ಜಾಸ್ತಿ. ಒಳಗಡೆ ವಾಟರ್‌ಪ್ರೂಫ್ ಪೇಂಟ್ ಹೊಡೆಸಿ ಅಂತಿದಾರೆ. ಗಟರ್ ದುಡ್ಡು ದಂಡ ಆಯ್ತಾ?

ಗಾರೆಕೆಲಸ:
ಮೂಲೆಗಳಲ್ಲೇ ಜಾಸ್ತಿ ಅಂದ್ರಲ್ಲ ಸರ್, ಉತ್ತರ ಅಲ್ಲೇ ಇದೆ. ಪೈಪ್ ನೀರು ಕೆಳಗೆ ಎಲ್ಲಿ ಬೀಳ್ತಿದೆ? 1 ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಅಂದ್ರೆ 1 ಲೀಟರ್, ಹಂಗಾಗಿ 100 ಚದರ ಮೀಟರ್ ಛಾವಣಿ ಇದ್ದು 25 ಮಿ.ಮೀ. ಮಳೆ ಬಂದ್ರೆ 2500 ಲೀಟರ್. ಗಟರ್ ಇಲ್ದಿದ್ರೆ ಅದು ಸೂರಿನುದ್ದಕ್ಕೂ ಹಂಚಿ ಬೀಳ್ತಿತ್ತು, ಈಗ ಒಂದೊಂದು ಮೂಲೆಗೆ 600 ಲೀಟರ್ ಚಿಲ್ಲರೆ ಪಾಯದ ಬುಡಕ್ಕೇ ಸುರೀತಿದೆ. ಇಟ್ಟಿಗೆ, ಗಾರೆ ಎರಡೂ ಆ ನೀರನ್ನ ಮೇಲಕ್ಕೆ ಎಳ್ಕೊಳತ್ತೆ, ಒಣಗಿದಾಗ ಉಪ್ಪು ಉಳಿಯತ್ತೆ, ಬಿಳಿ ಪುಡಿ ಅದೇ. ಪೈಪ್ ತುದಿಗೆ ಎಲ್ಬೋ (ಬಾಗಿದ ತುಂಡು) ಹಾಕಿ ಗೋಡೆಯಿಂದ 5-6 ಅಡಿ ಆಚೆ ಬಿಡಿ, ನೆಲಾನೂ ಹೊರಗಡೆಗೆ ಇಳಿಜಾರಾಗಿರ್ಲಿ, 10 ಅಡಿಗೆ 6 ಇಂಚು ಸಿಕ್ಕಿದ್ರೆ ಚೆನ್ನ. ಪೈಪ್ ಇಲ್ದಿರೋ ಕಡೆನೂ ಇಷ್ಟೇ ತೇವ ಇದ್ರೆ ಮಾತ್ರ ಕಥೆ ಬೇರೆ, ಪಾಯದ ಮೇಲೆ ಡಿಪಿಸಿ, ಅಂದ್ರೆ ತೇವ ಗೋಡೆಗೆ ಏರದ ಹಾಗೆ ತಡೆಯೋ ಪದರ, ಹಾಕಿದಾರಾ ವಿಚಾರಿಸಿ.

ಎಲೆಕಸ:
ಮಳೆ ಬರೋವಾಗ್ಲೇ ಕೊಡೆ ಹಿಡ್ಕೊಂಡು ಒಂದು ಸುತ್ತು ಹಾಕಿ ಗುರು, ಬಿಸಿಲಲ್ಲಿ ನೋಡಿದ್ರೆ ಏನೂ ಗೊತ್ತಾಗಲ್ಲ. ಎಲೆ ತುಂಬ್ಕೊಂಡಿದ್ರೆ ಗಟರ್ ಹಿಂದಕ್ಕೆ ಚೆಲ್ಲತ್ತೆ, ಆ ನೀರು ಗೋಡೆ ಮೇಲೇ ಹರಿಯತ್ತೆ, ಸೂರಿನ ಹಲಗೆ ಮರದ್ದಾದ್ರೆ ಕೊಳೆಯತ್ತೆ. ಗಟರ್‌ಗೂ ವಾಟ (ಇಳಿಜಾರು) ಬೇಕು, 3 ಮೀಟರಿಗೆ 6 ಮಿ.ಮೀ. ಆದ್ರೂ ಪೈಪ್ ಕಡೆಗೆ ಇಳಿದಿರ್ಬೇಕು.

ಶೀಟ್‌ಮನೆ:
ಈಗ ನೋಡ್ಕೊಂಡ್ ಬಂದೆ, ಪೈಪ್ ಬಾಯಿ ಗೋಡೆಗೆ ಅಂಟ್ಕೊಂಡೇ ಇದೆ, ಕೆಳಗೆ ಮಣ್ಣು ಕೊರೆದು ಗುಂಡಿ ಬಿದ್ದಿದೆ 🤦 ಅಲ್ಲೇ ಇಂಗುಗುಂಡಿ ಮಾಡ್ಸಿದ್ರೆ ಆಗತ್ತಾ?

ಗಾರೆಕೆಲಸ:
ಬೇಡವೇ ಬೇಡ, ಪಾಯದ ಪಕ್ಕ ಇಂಗಿಸಿದ್ರೆ ಈಗ ಆಗ್ತಿರೋದೇ ಇನ್ನೂ ಜೋರಾಗತ್ತೆ. ಜೇಡಿ ಮಣ್ಣಾದ್ರಂತೂ ನೆಂದಾಗ ಉಬ್ಬಿ ಒಣಗಿದಾಗ ಕುಗ್ಗತ್ತೆ, ಗೋಡೆ ಬಿರುಕು ಬಿಡೋದು ಹಂಗೇ. ಗುಂಡಿ ದೂರ ತೋಡ್ಸಿ, ಪೈಪ್ ಅಲ್ಲಿಗೆ ಎಳೀರಿ. ಪೇಂಟ್ ಈಗ್ಲೇ ಬೇಡ, ಗೋಡೆ ಪೂರ್ತಿ ಒಣಗೋಕೆ ತಿಂಗಳುಗಟ್ಟಲೆ ಬೇಕು.