ಕಾಫಿ ತೋಟದಲ್ಲಿ ಯಹೂದಿಗಳ ಪುಟ್ಟ ಪ್ರಾರ್ಥನಾ ಮನೆ: ಮಳೆ ಬಡಿಯುವ ಗೋಡೆಗೆ ಏನು ಮಾಡಲಿ?

ತೋಟದಮನೆ (ಮೂಡಿಗೆರೆ)
ನಮಸ್ಕಾರ. ನಮ್ಮ ಪಕ್ಕದ ತೋಟ ತೆಗೆದುಕೊಂಡವರು ಮುಂಬೈಯ ಬೆನೆ ಇಸ್ರೇಲ್ ಕುಟುಂಬ. ಕೊಂಕಣದಲ್ಲಿ ಗಾಣ ಆಡಿಸುತ್ತಾ, ಶನಿವಾರ ಮಾತ್ರ ಗಾಣ ಮುಟ್ಟದೆ ‘ಶನಿವಾರ ತೇಲಿ’ (ಶನಿವಾರದ ಗಾಣಿಗರು) ಅನ್ನಿಸಿಕೊಂಡಿದ್ದ ಯಹೂದಿಗಳ ಪೈಕಿ. ಮನೆಯ ಹಿರಿಯರಿಗೆ ಮರಗಳ ನಡುವೆ 25 ಜನ ಕೂರುವಷ್ಟು ಪ್ರಾರ್ಥನಾ ಮನೆ ಬೇಕು ಅಂತ ತುಂಬಾ ಆಸೆ, ಕಟ್ಟಿಸುವ ಕೆಲಸ ನನಗೆ ಒಪ್ಪಿಸಿದ್ದಾರೆ. ಜೆರುಸಲೇಮ್ ಕಡೆ ಮುಖ ಮಾಡಿ ಪ್ರಾರ್ಥಿಸುತ್ತಾರೆ, ಅವರ ಧರ್ಮಗ್ರಂಥ ತೋರಾದ ಸುರುಳಿ ಇಡುವ ಕಪಾಟು ಆ ಗೋಡೆಗೇ ಬರಬೇಕು. ನಮ್ಮಿಂದ ಅದು ಹೆಚ್ಚುಕಡಿಮೆ ವಾಯವ್ಯ. ಮಳೆಗಾಲದ ಇರಚಲು ಹೊಡೆಯುವುದೂ ಆ ಗೋಡೆಗೇ. ಏನು ಮಾಡಲಿ?

ಹೆಂಚಿನಮಾಡು (ಸಕಲೇಶಪುರ)
ಕಪಾಟನ್ನು ಹೊರಗೋಡೆಗೆ ಒತ್ತಿ ಇಡಲೇಬೇಡಿ. ನಮ್ಮ ಅಜ್ಜಿ ಮನೆಯಲ್ಲಿ ಪಡುವಣ ಗೋಡೆಗೆ ಒತ್ತಿ ಇಟ್ಟಿದ್ದ ಬೀರುವಿನಲ್ಲಿ ಒಂದೇ ಮಳೆಗಾಲಕ್ಕೆ ರೇಷ್ಮೆ ಸೀರೆಗಳೆಲ್ಲ ಬೂಷ್ಟು ಹಿಡಿದಿದ್ದವು. ತೋರಾ ಅಂದರೆ ಪ್ರಾಣಿಯ ಚರ್ಮ ಹದಮಾಡಿ ಅದರ ಮೇಲೆ ಶಾಯಿಯಲ್ಲಿ ಕೈಯಿಂದ ಬರೆದದ್ದು, ಒಂದು ಅಕ್ಷರ ಅಳಿಸಿಹೋದರೂ ತಿದ್ದಿಸುವ ತನಕ ಅದನ್ನು ಪ್ರಾರ್ಥನೆಯಲ್ಲಿ ಓದುವ ಹಾಗಿಲ್ಲ. ಕಪಾಟಿನ ಗೋಡೆ ಒಳಗೆ ಇರಲಿ, ಅದರ ಹಿಂದೆ 3 ಅಡಿ ಓಣಿ ಬಿಟ್ಟು ಇನ್ನೊಂದು ಗೋಡೆ ಎಬ್ಬಿಸಿ. ಮಳೆ ಅದನ್ನು ಎಷ್ಟಾದರೂ ಹೊಡೆಯಲಿ. ಮಾಡಿಗೆ ಮಂಗಳೂರು ಹೆಂಚು, ಇಳಿಜಾರು ಜಾಸ್ತಿ, ಸೂರು 4 ಅಡಿ ಮುಂದಕ್ಕೆ. ಕಪಾಟು ಹಲಸಿನ ಮರದ್ದು ಮಾಡಿಸಿ, ನೆಲದಿಂದ ಎತ್ತಿ ನಿಲ್ಲಿಸಿ.

ದಾರಿಹೋಕಿ (ಹಾಸನ)
ಕೊಚ್ಚಿಯಲ್ಲಿ ಯಹೂದಿಗಳ ಹಳೆಯ ಪ್ರಾರ್ಥನಾ ಮನೆ, ಪರದೇಸಿ ಸಿನಗಾಗ್ ನೋಡಿ ಬಂದಿದ್ದೇನೆ, 1568ರದ್ದು. ತೋರಾ ಓದುವ ಕಟ್ಟೆ ನಡುವೆ ಇದೆ, ಜನ ಸುತ್ತ ಕೂರುತ್ತಾರೆ. ಕಲ್ಯಾಣ ಮಂಟಪದ ಹಾಗೆ ಮುಂದೆ ವೇದಿಕೆ ಮಾಡಬೇಡಿ. ಹೆಂಗಸರು ಬೇರೆ ಕೂರುತ್ತಾರಾ ಅಂತ ಈಗಲೇ ಕೇಳಿ, ಅದು ಪದ್ಧತಿಯಿಂದ ಪದ್ಧತಿಗೆ ಬೇರೆ. ಕಿಟಕಿ ಮಾತ್ರ ಬೇಕೇ ಬೇಕು. ಬೈಬಲಿನಲ್ಲಿ ಬರುವ ದಾನಿಯೇಲ ಜೆರುಸಲೇಮ್ ಕಡೆಗಿನ ಕಿಟಕಿ ತೆರೆದು ಪ್ರಾರ್ಥಿಸುತ್ತಿದ್ದ, ಕಿಟಕಿ ಇರುವ ಕಡೆಯೇ ಪ್ರಾರ್ಥಿಸಬೇಕು ಅನ್ನುವ ಮಾತು ಬಂದದ್ದು ಅಲ್ಲಿಂದಲೇ. ಬೇಲೂರು ಕಡೆಯ ಶಿಲ್ಪಿಗಳಿಗೆ ಕೆಲಸ ಕೊಟ್ಟರೆ ಬಳ್ಳಿ, ಎಲೆ, ದಾಳಿಂಬೆಗೆ ನಿಲ್ಲಿಸಿ. ಮನುಷ್ಯ ರೂಪ ಬೇಡ.

ಕಣದಂಚು (ಚಿಕ್ಕಮಗಳೂರು)
ಕಪಾಟಿನ ಮುಂದೆ ಸದಾ ಉರಿಯುವ ದೀಪ ಇರುತ್ತದೆ, ನಮ್ಮ ನಂದಾದೀಪದ ಹಾಗೆ. ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವ ತನಕ ಅವರ ವಿಶ್ರಾಂತಿ ದಿನ, ಸಂಪ್ರದಾಯಸ್ಥರು ಸ್ವಿಚ್ ಮುಟ್ಟುವುದಿಲ್ಲ. ನಮ್ಮ ಕರೆಂಟ್ ಗೊತ್ತಲ್ಲ, ಸೋಲಾರ್ ಬ್ಯಾಟರಿ ಹಾಕಿಬಿಡಿ.

ಯಾರೂ ಹೇಳದ ಒಂದು ವಿಷಯ: ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಅವರಿಗೆ ಸುಕ್ಕೋತ್, ಪರ್ಣಶಾಲೆಗಳ ಹಬ್ಬ. ಏಳು ದಿನ ಚಪ್ಪರದ ಕೆಳಗೆ ಊಟ. ಕಡಿದು ತಂದ ಸೊಪ್ಪು ಗರಿಯನ್ನೇ ಹೊದಿಸಬೇಕು, ಬಿಸಿಲಿಗಿಂತ ನೆರಳು ಜಾಸ್ತಿ ಇರಬೇಕು. ಆದರೆ ಮರದ ಕೊಂಬೆಯ ಕೆಳಗೆ ಚಪ್ಪರ ಹಾಕುವ ಹಾಗಿಲ್ಲ, ಮೇಲೆ ಆಕಾಶವೇ ಇರಬೇಕು. ತೋಟದಲ್ಲಿ ಎಲ್ಲಿ ನೋಡಿದರೂ ಸಿಲ್ವರ್ ಓಕ್! ಹಾಗಾಗಿ ಪ್ರಾರ್ಥನಾ ಮನೆಯನ್ನು ಕಾಫಿ ಕಣದ ಪಕ್ಕ ಕಟ್ಟಿ. ಆ ಹೊತ್ತಿಗೆ ಕೊಯ್ಲು ಶುರುವಾಗಿರುವುದಿಲ್ಲ, ಕಣ ಸುಮ್ನೆ ಖಾಲಿ ಇರುತ್ತದೆ ಅಲ್ವಾ?

ತೋಟದಮನೆ
ಕಣದ ವಿಷಯ ನನಗೆ ಹೊಳೆದೇ ಇರಲಿಲ್ಲ. ನಿನ್ನೆ ಹಿರಿಯರನ್ನು ಕರೆದುಕೊಂಡು ಹೋಗಿ ತೋರಿಸಿದೆ. ಕಣದ ನಡುವೆ ನಿಂತು ಬಹಳ ಹೊತ್ತು ಮೇಲೆ ನೋಡಿದರು, ಆಮೇಲೆ ‘ಇಲ್ಲೇ’ ಅಂದರು. ಹೆಂಗಸರಿಗೆ ಬೇರೆ ಸಾಲು ಬೇಕಂತೆ, ಬಾಗಿಲೂ ಬೇರೆ. ಓಣಿ ಬಿಡುತ್ತೇನೆ. ಅಡಿಪಾಯಕ್ಕೆ ಮುಂಚೆ ಆ ಎರಡೂ ಗೋಡೆಯ ಜಾಗದಲ್ಲಿ ಬಿದಿರು ನೆಟ್ಟು ಚಾಪೆ ಕಟ್ಟುತ್ತೇನೆ, ಈ ಜುಲೈ ಮಳೆಗೆ ಒಳಗಿನ ಚಾಪೆ ಒಣಗಿಯೇ ಇರುತ್ತದಾ ನೋಡಬೇಕು. ಗರಿ ತೆಂಗಿನದ್ದಾ, ಅಡಿಕೆ ಸೋಗೆಯಾ?

ಕಣದಂಚು
ಎರಡೂ ಆಗುತ್ತದೆ. ಸೋಗೆ ನಮ್ಮ ತೋಟದಿಂದ ಕಳಿಸುತ್ತೇನೆ.